ಮನುಷ್ಯನಷ್ಟು ದೊಡ್ಡ ಪೆಂಗ್ವಿನ್‌ಗಳು ನಿಜಕ್ಕೂ ಇದ್ದವೇ? ಪಳೆಯುಳಿಕೆಗಳು ಹೇಳುವುದಿಷ್ಟು

ಮನುಷ್ಯನ ಪಕ್ಕ ಆಳೆತ್ತರದ ಪೆಂಗ್ವಿನ್ ನಿಂತಿರುವ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ? ದೈತ್ಯ ಪೆಂಗ್ವಿನ್‌ಗಳು ಇದ್ದದ್ದು ನಿಜ. ಆದರೆ ಅವುಗಳ ಫೋಟೊ ಇರಲು ಸಾಧ್ಯವೇ ಇಲ್ಲ. ಮನುಷ್ಯರು ಬರುವ ಎಷ್ಟೋ ಲಕ್ಷ ವರ್ಷಗಳ ಮೊದಲೇ ಅವು ಅಳಿದುಹೋಗಿದ್ದವು. ನಾವು ನೋಡುವುದು ಕಲಾವಿದರು ಬರೆದ ಅಥವಾ ಕಂಪ್ಯೂಟರ್‌ನಲ್ಲಿ ತಯಾರಾದ ಚಿತ್ರ.

ಎಷ್ಟು ದೊಡ್ಡವು?

ಈಗಿರುವ ಪೆಂಗ್ವಿನ್‌ಗಳಲ್ಲಿ ಎಂಪರರ್ ಪೆಂಗ್ವಿನ್ ಅತಿ ದೊಡ್ಡದು. ಅದರ ಎತ್ತರ ಸುಮಾರು 1.2 ಮೀಟರ್, ತೂಕ ಹೆಚ್ಚೆಂದರೆ 45 ಕೆ.ಜಿ.ಯ ಆಸುಪಾಸು. ನ್ಯೂಜಿಲೆಂಡ್‌ನ ಒಟಾಗೊ ಪ್ರದೇಶದ ಕಡಲತೀರದ ಬಂಡೆಗಳಲ್ಲಿ ಸಿಕ್ಕ ‘ಕುಮಿಮಾನು ಫೋರ್ಡೈಸಿ’ಯ ತೂಕ ಸುಮಾರು 150 ಕೆ.ಜಿ. ಇತ್ತೆಂದು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಅದು ಬದುಕಿದ್ದು ಐದೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ.

ತೂಕ ಗೊತ್ತಾದದ್ದು ಹೇಗೆ?

ಅದರ ಇಡೀ ಅಸ್ಥಿಪಂಜರ ಸಿಕ್ಕಿಲ್ಲ. ರೆಕ್ಕೆಯ ಮೇಲ್ಭಾಗದ ದಪ್ಪ ಮೂಳೆ ಸಿಕ್ಕಿದೆ. ಈಗಿನ ಪೆಂಗ್ವಿನ್‌ಗಳಲ್ಲಿ ಆ ಮೂಳೆ ದೊಡ್ಡದಾದಷ್ಟೂ ತೂಕ ಹೆಚ್ಚು. ಈ ಸಂಬಂಧವನ್ನು ಲೆಕ್ಕಹಾಕಿ, ಹಳೆಯ ಮೂಳೆಯ ಅಳತೆಗೆ ಅನ್ವಯಿಸಿದಾಗ ಬಂದ ಅಂದಾಜು ಇದು. ತಕ್ಕಡಿಯಲ್ಲಿ ತೂಗಿದ ಲೆಕ್ಕವಲ್ಲ, ಹಾಗೆಂದು ಬರೀ ಊಹೆಯೂ ಅಲ್ಲ.

‘ಎರಡು ಮೀಟರ್ ಎತ್ತರ’ ಎಂಬುದು?

ಇಲ್ಲೇ ಫಾರ್ವರ್ಡ್‌ಗಳು ಎಡವುವುದು. ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದಲ್ಲಿ ಸಿಕ್ಕ, ಸುಮಾರು 3.7 ಕೋಟಿ ವರ್ಷ ಹಳೆಯ ಮೂಳೆಗಳ ಆಧಾರದಲ್ಲಿ 2014ರಲ್ಲಿ ಈ ಅಂಕಿ ಬಂತು. ಅದು ಕೊಕ್ಕಿನ ತುದಿಯಿಂದ ಕಾಲ್ಬೆರಳ ತುದಿಯವರೆಗಿನ ಉದ್ದ. ನಿಂತಾಗ ಪೆಂಗ್ವಿನ್ ಅದಕ್ಕಿಂತ ಗಿಡ್ಡವಾಗಿ ಕಾಣುತ್ತದೆ.

ಡೈನೊಸಾರ್‌ಗಳ ಜೊತೆಗಿದ್ದವೇ?

ಇಲ್ಲಿ ಹೇಳಿದ ಯಾವ ಪೆಂಗ್ವಿನ್ನೂ ಇರಲಿಲ್ಲ. ದೈತ್ಯ ಡೈನೊಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದೇ ಕಾಲಕ್ಕೆ ಸಮುದ್ರದ ದೊಡ್ಡ ಸರೀಸೃಪಗಳೂ ಇಲ್ಲವಾದವು. ಹಾಗೆ ತೆರವಾದ ಜಾಗದಲ್ಲಿ ಪೆಂಗ್ವಿನ್‌ಗಳು ಬೇಗ ದೊಡ್ಡದಾಗಿ ಬೆಳೆದವು ಎಂಬುದು ಹಲವು ವಿಜ್ಞಾನಿಗಳ ವಿವರಣೆ. ಮುಂದೆ ಸೀಲ್‌ಗಳು, ಹಲ್ಲುಳ್ಳ ತಿಮಿಂಗಿಲಗಳು ಅದೇ ಆಹಾರಕ್ಕೆ ಪೈಪೋಟಿಗೆ ಬಂದದ್ದರಿಂದ ದೈತ್ಯ ಪೆಂಗ್ವಿನ್‌ಗಳು ಮರೆಯಾಗಿರಬಹುದು.

ಬಣ್ಣ ಕಪ್ಪು-ಬಿಳುಪೇ?

ಪೆರು ದೇಶದಲ್ಲಿ ಸಿಕ್ಕ ‘ಇಂಕಾಯಾಕು’ ಎಂಬ 3.6 ಕೋಟಿ ವರ್ಷ ಹಳೆಯ ಪೆಂಗ್ವಿನ್‌ನ ಗರಿಗಳೂ ಉಳಿದಿದ್ದವು. ಅವುಗಳೊಳಗಿನ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಕಂಡದ್ದು ಕೆಂಪುಮಿಶ್ರಿತ ಕಂದು ಮತ್ತು ಬೂದು ಬಣ್ಣ. ಕಪ್ಪು ಕೋಟು ತೊಟ್ಟಂಥ ದೈತ್ಯನ ಚಿತ್ರ ಕಂಡರೆ, ಆ ಬಣ್ಣ ಕಲಾವಿದರ ಕಲ್ಪನೆಯೂ ಆಗಿರಬಹುದು.

ಹಾಗಾಗಿ ಹಂಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಪ್ರಭೇದ? ಹೇಳಿದ್ದು ಎತ್ತರವೋ, ಉದ್ದವೋ? ಚಿತ್ರವೋ, ಫೋಟೊವೋ? ಉತ್ತರ ಇಲ್ಲದ ಫಾರ್ವರ್ಡ್ ನಿಮ್ಮ ಫೋನಿನಲ್ಲೇ ನಿಲ್ಲಲಿ.