ಗಾಳಿ ಯಾರ ಕಡೆ ಬೀಸುತ್ತಿತ್ತು?

ದೋಹಾದ ಅಲ್ ಅಜೀಜಿಯಾದಲ್ಲಿ ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯವರು, ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಇಲ್ಲಿ ಕೀಮೋ ಔಷಧಿ ಫಾರ್ಮಸಿಯಿಂದಲೇ ಬೆರೆಸಿ ಬರುತ್ತೆ. ಮುಟ್ಟೋಕೆ ಎರಡೆರಡು ಗ್ಲೌಸು, ಮೇಲೊಂದು ಗೌನು. 15 ವರ್ಷದ ಹಿಂದೆ ಊರ ಕಡೆಯ ಒಂದು ಆಸ್ಪತ್ರೆಯಲ್ಲಿ ಅವರೇ ವಾರ್ಡಿನ ಮೇಜಿನ ಮೇಲೆ, ಬರಿಗೈಯಲ್ಲಿ, ಪುಡಿಗೆ ನೀರು ಸೇರಿಸಿ ಕುಲುಕುತ್ತಿದ್ದರಂತೆ. "ಆಗ ಯಾರಿಗೂ ಗೊತ್ತಿರಲಿಲ್ಲ ಬಿಡಿ" ಅಂದರು.

ಗೊತ್ತಿತ್ತು. ಅದೇ ಬೇಜಾರು.

ಕೀಮೋದ ಮೂಲ ಯುದ್ಧದ ವಿಷಾನಿಲ. ಮಸ್ಟರ್ಡ್ ಗ್ಯಾಸಿನ ದಾಯಾದಿ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಮೊದಲ ಸಲ ಕ್ಯಾನ್ಸರ್ ರೋಗಿಗೆ ಕೊಟ್ಟರು. ಇವತ್ತಿಗೂ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್ ಅದೇ ವಂಶದ್ದು. ಡಿಎನ್‌ಎಗೆ ಹೊಡೆಯುವುದೇ ಅದರ ಕೆಲಸ. ರೋಗಿಯದೋ ನರ್ಸಿನದೋ ಅಂತ ಅದು ಕೇಳಲ್ಲ. ಆದರೂ ಬೆರೆಸುವವರ ಕಡೆ ನೋಡೋಕೆ ಮೂರು ದಶಕಕ್ಕೂ ಹೆಚ್ಚು ಬೇಕಾಯಿತು. 1979ರಲ್ಲಿ ಫಿನ್ಲೆಂಡಿನ ಕೈ ಫಾಲ್ಕ್ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ ಬರೆದರು: ಈ ಔಷಧಿ ಮುಟ್ಟುವ ನರ್ಸ್‌ಗಳ ಮೂತ್ರ ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಬದಲಿಸುತ್ತಿದೆ.

ನನ್ನನ್ನು ಹೆಚ್ಚು ಕಾಡಿದ್ದು 1982ರ ಹ್ಯೂಸ್ಟನ್ ಅಧ್ಯಯನ. ಅಲ್ಲಿನ ಫಾರ್ಮಸಿಗಳಲ್ಲಿ ಔಷಧಿ ಬೆರೆಸೋಕೆ ಶುದ್ಧಗಾಳಿಯ ಪೆಟ್ಟಿಗೆ ಇತ್ತು. ಔಷಧಿಗೆ ಕ್ರಿಮಿ ಸೋಕಬಾರದು ಅಂತ ಗಾಳಿಯನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ನೇರ ಬೆರೆಸುವವರ ಮುಖಕ್ಕೆ ಬೀಸುತ್ತಿತ್ತು. ಆ ಪೆಟ್ಟಿಗೆಯ ಮುಂದೆ ಕೆಲಸ ಮಾಡಿದಷ್ಟು ದಿನ ಮೂತ್ರದಲ್ಲಿ ಅದೇ ಲಕ್ಷಣ ಏರುತ್ತಾ ಹೋಯಿತು. ಗಾಳಿ ಮೇಲಿಂದ ಕೆಳಗಿಳಿಯುವ ಕ್ಯಾಬಿನೆಟ್ಟಿಗೆ ಬದಲಾಯಿಸಿದಾಗ ಇಳಿಯಿತು. ಔಷಧಿಯನ್ನು ಕಾಪಾಡೋಕೆ ಯಂತ್ರ ಇತ್ತು, ಮನುಷ್ಯರನ್ನಲ್ಲ.

1985ರಲ್ಲಿ ಶೆರ್ರಿ ಸೆಲೆವಾನ್ ಮತ್ತು ತಂಡ ಫಿನ್ಲೆಂಡಿನ 17 ಆಸ್ಪತ್ರೆಗಳ ನರ್ಸ್‌ಗಳ ಗರ್ಭಧಾರಣೆಗಳನ್ನು ಹೋಲಿಸಿತು. ಮೊದಲ ಮೂರು ತಿಂಗಳಲ್ಲಿ ಈ ಔಷಧಿ ಮುಟ್ಟಿದ್ದಕ್ಕೂ ಗರ್ಭ ನಷ್ಟಕ್ಕೂ ಸಂಬಂಧ ಕಂಡಿತು. ಆಡ್ಸ್ ರೇಶಿಯೋ 2.3. ಮರುವರ್ಷ ಅಮೆರಿಕದ ಕಾರ್ಮಿಕ ಸುರಕ್ಷಾ ಸಂಸ್ಥೆ ಓಶಾ ಮಾರ್ಗಸೂಚಿ ತಂದಿತು: ಕ್ಯಾಬಿನೆಟ್, ಗ್ಲೌಸ್, ಗೌನು, ಚೆಲ್ಲಿದರೆ ಏನು ಮಾಡಬೇಕು, ಕೀಮೋ ಪಡೆದ ರೋಗಿಯ ಮಲಮೂತ್ರವನ್ನು 48 ಗಂಟೆ ಹೇಗೆ ನಿಭಾಯಿಸಬೇಕು ಅನ್ನುವವರೆಗೆ. ಪಕ್ಕದ ಮನೆಯವರು ನರ್ಸಿಂಗಿಗೆ ಸೇರುವ ಎಷ್ಟೋ ವರ್ಷ ಮೊದಲಿನ ಮಾತಿದು.

ಇದನ್ನೆಲ್ಲ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಕೆಲಸದಲ್ಲಿದ್ದಾಗ ಮೊದಲನೆಯದು ಹೋಗಿತ್ತು ಅಂದರು. "ಅದರಿಂದಲೇನಾ?"

ದಿನವಿಡೀ ಸಂಖ್ಯೆಗಳ ಜೊತೆಗೇ ಇರೋನು ನಾನು. 2.3 ಅನ್ನೋದು ಗುಂಪಿನ ಲೆಕ್ಕ, ಒಬ್ಬರ ಕಥೆ ಅದರಲ್ಲಿ ಸಿಗಲ್ಲ ಅಂದೆ. ಅವರು ತಲೆಯಾಡಿಸಿ, ನೈಟ್ ಡ್ಯೂಟಿಗೆ ಹೊತ್ತಾಯಿತು ಅಂತ ಎದ್ದರು.