ಗಾಲಿ ಮುರಿದರೆ ಹೊಣೆ ಯಾರದು?

ಸಾರಥಿಯಿಲ್ಲದೆ ತಾನೇ ಓಡುವ ಮೋಟಾರು ಅಮೆರಿಕದ ಕೆಲವು ನಗರಗಳ ಬೀದಿಗೆ ಇಳಿದಿರುವ ಸುದ್ದಿಯನ್ನು ತಾವೆಲ್ಲ ಕೇಳಿದ್ದೀರಿ. ಅದು ದಾರಿಹೋಕನಿಗೆ ಬಡಿದರೆ ನ್ಯಾಯಸ್ಥಾನವು ಯಾರನ್ನು ಕರೆಯಬೇಕು? ಈ ಪ್ರಶ್ನೆಯ ಬೇರು ಕುದುರೆಬಂಡಿಯ ಕಾಲದಷ್ಟು ಹಳೆಯದು.

ಇಂಗ್ಲೆಂಡಿನಲ್ಲಿ ವಿಂಟರ್‌ಬಾಟಮ್ ಎಂಬವನು ಅಂಚೆಯ ಬಂಡಿ ಹೊಡೆಯುತ್ತಿದ್ದನು. ಬಂಡಿ ಮುರಿದುಬಿತ್ತು, ಅವನು ಜೀವಮಾನವೆಲ್ಲ ಕುಂಟನಾದನು. ಬಂಡಿಯನ್ನು ಸುಸ್ಥಿತಿಯಲ್ಲಿಡುವುದಾಗಿ ಅಂಚೆಯ ಮುಖ್ಯಾಧಿಕಾರಿಗೆ ಕರಾರು ಮಾಡಿಕೊಟ್ಟಿದ್ದವನು ರೈಟ್. 1842ರಲ್ಲಿ ನ್ಯಾಯಾಧೀಶರು ಏನೆಂದರು? ಕರಾರಿನಲ್ಲಿ ಸಾರಥಿ ಸೇರಿಲ್ಲ, ಆದ್ದರಿಂದ ಅವನಿಗೆ ಪರಿಹಾರವಿಲ್ಲ. ಅವನಿಗೆ ಕೊಟ್ಟರೆ ನಾಳೆ ದಾರಿಯಲ್ಲಿ ಹೋಗುವವರೂ ದಾವೆ ಹೂಡಿಯಾರೆಂಬ ಭಯ! ಕಾಲಿಗಿಂತ ಕಾಗದವೇ ದೊಡ್ಡದಾಯಿತು.

ಈ ಗೋಡೆ ಒಡೆಯಲು ಎಪ್ಪತ್ತನಾಲ್ಕು ವರ್ಷ ಹಿಡಿಯಿತು. ನ್ಯೂಯಾರ್ಕ್ ಸಂಸ್ಥಾನದ ಮ್ಯಾಕ್‌ಫರ್ಸನ್ ವ್ಯಾಪಾರಿಯೊಬ್ಬನಿಂದ ಬ್ಯುಯಿಕ್ ಕಾರನ್ನು ಕೊಂಡನು. ಓಡುತ್ತಿರುವಾಗಲೇ ಗಾಲಿಯ ಮರದ ಕಡ್ಡಿಗಳು ಪುಡಿಯಾಗಿ ಅವನು ಹೊರಗೆ ಎಸೆಯಲ್ಪಟ್ಟನು. ಗಾಲಿಯನ್ನು ಬೇರೊಂದು ಕಾರ್ಖಾನೆ ಮಾಡಿತ್ತು. ಬ್ಯುಯಿಕ್ ಅದನ್ನು ಪರೀಕ್ಷಿಸದೆ ಜೋಡಿಸಿತ್ತು. 'ನಾವು ಮಾರಿದ್ದು ವ್ಯಾಪಾರಿಗೆ, ಇವನಿಗಲ್ಲ' ಎಂಬುದು ಕಂಪನಿಯ ವಾದ. 1916ರ ಮಾರ್ಚಿಯಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಕಾರ್ಡೋಜೊ ಇದನ್ನು ಸೊಗಸಾಗಿ ಬಿಡಿಸಿದರು: ಕಾರಿನಲ್ಲಿ ಕುಳಿತು ಓಡಾಡುವುದಿಲ್ಲವೆಂದು ಬಹುಮಟ್ಟಿಗೆ ಹೇಳಬಹುದಾದವನು ವ್ಯಾಪಾರಿಯೊಬ್ಬನೇ, ಅವನೊಬ್ಬನನ್ನೇ ಕಾಪಾಡಿದರೆ ಸಾಕೆಂಬುದು ಎಂಥ ನ್ಯಾಯ? ತಯಾರಿಸುವವನಿಗೆ ಬಳಸುವವನ ವಿಷಯದಲ್ಲಿಯೂ ಕರ್ತವ್ಯ ಉಂಟು. ಹಳಗನ್ನಡದ 'ಪೊಣೆ'ಯೇ ನಮ್ಮ ಇಂದಿನ 'ಹೊಣೆ'. ಒಬ್ಬನ ಪರವಾಗಿ ಮತ್ತೊಬ್ಬನು ಜಾಮೀನು ನಿಲ್ಲುವುದೆಂದು ಅದರ ಅರ್ಥ. ಕಣ್ಣಿಗೆ ಕಾಣದ ಕಾರ್ಖಾನೆಯು ಅಂದು ಪೊಣೆ ನಿಂತಿತು ಎನ್ನೋಣ.

1963ರಲ್ಲಿ ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ವಸ್ತು ದೋಷಯುಕ್ತವೆಂದು ತೋರಿಸಿದರೆ ಸಾಕು, ತಯಾರಕನ ಅಜಾಗರೂಕತೆಯನ್ನು ಸಾಧಿಸಬೇಕಿಲ್ಲ.

ಇನ್ನು ಸಾರಥಿಯಿಲ್ಲದ ಕಾರು. 2018ರ ಮಾರ್ಚ್ 18ರ ರಾತ್ರಿ ಅರಿಜೋನದ ಟೆಂಪಿ ನಗರದಲ್ಲಿ ಊಬರ್ ಸಂಸ್ಥೆ ಪರೀಕ್ಷೆಗೆ ಬಿಟ್ಟಿದ್ದ ಕಾರು, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ತೀರಿಕೊಂಡರು. ಯಂತ್ರವು ಆಕೆಯನ್ನು 5.6 ಸೆಕೆಂಡು ಮೊದಲೇ ಕಂಡಿತ್ತು. ಆದರೆ ವಾಹನವೆಂದೂ ಸೈಕಲ್ಲೆಂದೂ ಬಗೆಬಗೆಯಾಗಿ ಎಣಿಸುತ್ತ ಹೋಯಿತು. ಗುರುತುಪಟ್ಟೆಯಿಲ್ಲದ ಕಡೆ ಮನುಷ್ಯರು ರಸ್ತೆ ದಾಟಿಯಾರೆಂಬುದನ್ನು ಅದಕ್ಕೆ ಕಲಿಸಿರಲಿಲ್ಲ. (ನಮ್ಮ ಪೇಟೆಬೀದಿಯಲ್ಲಿ ಅದರ ಗತಿಯೇನು!) ಕಾವಲಿಗೆ ಕುಳಿತಿದ್ದ ನೌಕರಳೂ ರಸ್ತೆಯನ್ನು ನೋಡುತ್ತಿರಲಿಲ್ಲ. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾವಣೆಯ ಶಿಕ್ಷೆ ಪಡೆದವಳು ಆಕೆಯೇ. ಸಂಸ್ಥೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಆಕೆಯ ತಪ್ಪು ಸಣ್ಣದಲ್ಲ. ಆದರೂ ಹೊಣೆಯು ಮತ್ತೆ ಬಂಡಿಯಲ್ಲಿ ಕುಳಿತವರ ತಲೆಗೇ ಬಂದುದು ನನಗೆ 1842ನ್ನು ನೆನಪಿಗೆ ತರುತ್ತದೆ.

ಬ್ರಿಟನ್ 2024ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ಹೊಸ ಶಾಸನದಂತೆ, ಅನುಮತಿ ಪಡೆದ ಕಾರು ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಒಳಗೆ ಕುಳಿತವನು ಅಪರಾಧಿಯಲ್ಲ. ಅನುಮತಿ ಪಡೆದ ಸಂಸ್ಥೆಯೇ ಉತ್ತರ ಹೇಳಬೇಕು. ಅದೇ ವರ್ಷ ಯುರೋಪಿನ ಒಕ್ಕೂಟವು ತಂತ್ರಾಂಶವೂ ಒಂದು ಸರಕೇ ಎಂದು ನಿಯಮ ಮಾಡಿತು. ಮ್ಯಾಕ್‌ಫರ್ಸನ್ನನ ಕಾಲದಲ್ಲಿ ದೋಷವು ಪುಡಿಯಾದ ಮರದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಇಂದು ಅದು ತಯಾರಕನ ಕಡತದಲ್ಲಿ ಅಡಗಿರುತ್ತದೆ. ಆದ್ದರಿಂದ ಆ ನಿಯಮದಲ್ಲಿ ಇನ್ನೊಂದು ಮಾತಿದೆ: ನ್ಯಾಯಾಲಯ ಕೇಳಿದ ದಾಖಲೆಯನ್ನು ಸಂಸ್ಥೆ ಒಪ್ಪಿಸದಿದ್ದರೆ, ಸರಕಿನಲ್ಲಿ ದೋಷವಿತ್ತೆಂದೇ ಭಾವಿಸತಕ್ಕದ್ದು.