ಗಾಲಿಕುರ್ಚಿಯಲ್ಲಿ ಕುಳಿತು ಕಟ್ಟಿದ ಆಸ್ಪತ್ರೆ

ಆಸ್ಪತ್ರೆ ಎಂದೊಡನೆ ನಮಗೆ ನೆನಪಾಗುವುದು ಔಷಧ, ಸೂಜಿ, ಶಸ್ತ್ರಚಿಕಿತ್ಸೆ. ಆದರೆ ಗಾಯ ಮಾಯ್ದ ಮೇಲೂ ಕಾಲುಗಳಲ್ಲಿ ಕಸುವು ಬಾರದಿದ್ದರೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರ ಉತ್ತರ ಹುಡುಕತೊಡಗಿದ್ದು ತೀರ ಈಚೆಗೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ, ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಬಹುಪಾಲು ಜನ ಹಾಸಿಗೆ ಹುಣ್ಣಿನಿಂದಲೋ ಮೂತ್ರಪಿಂಡದ ಸೋಂಕಿನಿಂದಲೋ ಬೇಗನೆ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಅವರು ಗಾಯಾಳು ಸೈನಿಕರಿಗಾಗಿ ವಿಶೇಷ ಘಟಕ ತೆರೆದರು. ಅಮೆರಿಕದಲ್ಲಿ ಹೊವಾರ್ಡ್ ರಸ್ಕ್ ಅದೇ ದಾರಿ ಹಿಡಿದರು. ಅಲ್ಲಿ ಈ ವಿದ್ಯೆ ಬೆಳೆದದ್ದು ಯುದ್ಧದಿಂದ.

ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ಅದು ಬೇರೂರಿದ ಬಗೆ ಬೇರೆ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್, ಕುಷ್ಠರೋಗದಿಂದ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ನೇರಗೊಳಿಸುವ ವಿಧಾನ ರೂಪಿಸಿದರು. ಕೈ ಸರಿಹೋಯಿತು, ಆದರೆ ಕೆಲಸ ಕೊಡುವವರಿಲ್ಲ. ಕೈ ನೆಟ್ಟಗಿರುವವನಿಗೆ ಭಿಕ್ಷೆಯೂ ಕಡಿಮೆ! ರೋಗಿಗಳು ಹೀಗೆ ದೂರಿದ್ದನ್ನು ಬ್ರಾಂಡ್ ಅವರೇ ಬರೆದಿದ್ದಾರೆ. ಗುಣಪಡಿಸಿದರಷ್ಟೇ ಸಾಲದು, ಕಸುಬನ್ನೂ ಕಲಿಸಬೇಕೆಂಬ ಅರಿವು ಮೂಡಿದ್ದು ಅಲ್ಲಿ.

1954ರಲ್ಲಿ ಅದೇ ಕಾಲೇಜಿನ ಯುವ ವೈದ್ಯೆ, ಕೇರಳದ ಮೇರಿ ವರ್ಗೀಸ್, ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಕೈ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲವೇ? ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸತೊಡಗಿದರು. ಮುಂದೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವತಃ ಚಿಕಿತ್ಸೆ ಪಡೆದು, ನ್ಯೂಯಾರ್ಕಿನಲ್ಲಿ ರಸ್ಕ್ ಅವರ ಬಳಿ ಕಲಿತು ಹಿಂತಿರುಗಿದರು. 1966ರಲ್ಲಿ ವೆಲ್ಲೂರಿನ ಬಾಗಾಯಂನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. ಒಳರೋಗಿಗಳನ್ನು ಇಟ್ಟುಕೊಂಡು ತರಬೇತಿ ಕೊಟ್ಟ ಭಾರತದ ಮೊದಲ ಸಂಸ್ಥೆಗಳಲ್ಲಿ ಇದೂ ಒಂದು. ಮೇರಿಯವರಿಗೆ 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ನಿಧನರಾದರು.

ಇಲ್ಲಿಗೆ ಬಂದವರು ಸೈನಿಕರಲ್ಲ. ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ರಸ್ತೆ ಅಪಘಾತಕ್ಕೆ ಸಿಕ್ಕವರು. ಹೆಚ್ಚಿನವರು ಕೂಲಿ ಮಾಡುವ ಗಂಡಸರು, ಮನೆಗೆ ಅವರೇ ಆಧಾರ. ಇಂಥ ರೋಗಿಯ ಜೊತೆಗೆ ತಾಯಿಯೋ ಹೆಂಡತಿಯೋ ಅಣ್ಣನೋ ಬಂದು ಉಳಿಯುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಇಂಥವರನ್ನು ಜನಜಂಗುಳಿ ಎಂದು ಗದರುವುದೇ ಹೆಚ್ಚು. ಇಲ್ಲಿ ಮಾತ್ರ ಅವರೂ ಕಲಿಯುವವರೇ: ಸ್ಪರ್ಶಜ್ಞಾನವಿಲ್ಲದ ಮೈಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡುವುದು, ಕೊಳವೆಯಿಂದ ಮೂತ್ರ ತೆಗೆಯುವುದು. ಊರಿಗೆ ಹೋದಮೇಲೆ ದಾದಿ ಸಿಗುವುದಿಲ್ಲ, ಅಕ್ಕನೋ ಹೆಂಡತಿಯೋ ಸಿಗುತ್ತಾರೆ. ರೋಗಿಯೂ ಸುಮ್ಮನೆ ಮಲಗುವಂತಿಲ್ಲ. ತೋಳಿನ ಬಲದಿಂದ ಕುರ್ಚಿಗೆ ದಾಟಬೇಕು, ಕುಳಿತು ಮಾಡುವ ಕಸುಬೊಂದನ್ನು ಹಿಡಿಯಬೇಕು.

ಮನೆಗೆ ಕಳಿಸಿದ ಮೇಲೂ ನಂಟು ಕಡಿಯುವುದಿಲ್ಲ. ಹಳ್ಳಿಯಲ್ಲಿ ಹೊಸ್ತಿಲು ಎತ್ತರ, ಬಚ್ಚಲು ದೂರ. ಆಸ್ಪತ್ರೆಯ ನಯವಾದ ನೆಲದ ಮೇಲೆ ಉರುಳಿದ ಗಾಲಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಸಿಬ್ಬಂದಿ ರೋಗಿಗಳ ಮನೆಗಳಿಗೆ ಹೋಗಿ ನೋಡುವ ಪದ್ಧತಿ ಬೆಳೆಯಿತು. ಹಳೆಯ ರೋಗಿಗಳೆಲ್ಲ ಮತ್ತೆ ಸೇರುವ ‘ರಿಹ್ಯಾಬ್ ಮೇಳ’ವೂ ನಡೆಯುತ್ತದೆ. ತಪಾಸಣೆಯ ಜೊತೆಗೆ ಆಟೋಟ, ಹಾಡು, ಹರಟೆ. ಹೊಸದಾಗಿ ಪೆಟ್ಟು ತಿಂದು ಕಂಗೆಟ್ಟವನು, ವರ್ಷಗಳ ಹಿಂದೆ ಮರದಿಂದ ಬಿದ್ದು ಈಗ ಸಂಸಾರ ನಡೆಸುತ್ತಿರುವವನನ್ನು ಅಲ್ಲಿ ಎದುರಿಗೇ ಕಾಣಬಹುದು.